ಬಿದ್ದ ಮಳೆಮರದಿಂದ ಬಡಿಸುವ ಮಣೆ: ದಿಮ್ಮಿ ಸಿಕ್ಕಿದೆ, ಮುಂದೇನು ಮಾಡಲಿ?

ಎರಡನೇ ಅಡ್ಡರಸ್ತೆ (ಬೆಂಗಳೂರು), ಮೇ 3

ಎಲ್ಲರಿಗೂ ನಮಸ್ಕಾರ. ಕಳೆದ ವಾರದ ಗಾಳಿಮಳೆಗೆ ನಮ್ಮ ರಸ್ತೆಯ ಮಳೆಮರ ಬುಡಸಮೇತ ಬಿತ್ತು. ಯಾರಿಗೂ ಪೆಟ್ಟಾಗಲಿಲ್ಲ, ಅದೊಂದೇ ಸಮಾಧಾನ. ಆ ಮರದ ನೆರಳಲ್ಲಿ ಆರು ಮನೆಗಳಿದ್ದವು. ಸಂಜೆ ಅದರ ಎಲೆಗಳು ಮಡಚಿಕೊಂಡರೆ ಮಕ್ಕಳು ಆಟ ನಿಲ್ಲಿಸಿ ಮನೆಗೆ ಬರುತ್ತಿದ್ದರು. ಈಗ ನಮ್ಮ ಅಡುಗೆಮನೆಗೆ ಮಧ್ಯಾಹ್ನದ ಬಿಸಿಲು ನೇರ ಹೊಡೆಯುತ್ತಿದೆ.

ಪಾಲಿಕೆಯವರು ಕೊಂಬೆ ಕತ್ತರಿಸಿ ಲಾರಿಗೆ ತುಂಬುತ್ತಿದ್ದರು. ರಸ್ತೆ ಬದಿಯ ಮರ ಅವರದು, ಹಾಗಾಗಿ ಮೇಲ್ವಿಚಾರಕರನ್ನು ಕೇಳಿದೆ. ಒಂದು ಅರ್ಜಿ ಬರೆಸಿಕೊಂಡು, ಸಹಿ ಹಾಕಿ ಎರಡು ತುಂಡು ಕೊಟ್ಟರು. ಒಂದೊಂದು ಎರಡೂವರೆ ಅಡಿ ಉದ್ದ, ಸುಮಾರು ಒಂದಡಿ ದಪ್ಪ. ಈಗ ಕಾರ್ ಶೆಡ್ಡಿನಲ್ಲಿವೆ.

ನನ್ನ ಆಸೆ ಇಷ್ಟೇ. ಆರು ಮನೆಗೂ ಒಂದೊಂದು ಬಡಿಸುವ ಹಲಗೆ ಮಾಡಿಕೊಡಬೇಕು. ಹಣ್ಣು, ಹೋಳಿಗೆ, ಕೋಡುಬಳೆ ಇಟ್ಟು ತರುವಂಥದ್ದು. ನನಗೆ ಗರಗಸ ಹಿಡಿದು ಸ್ವಲ್ಪ ಅಭ್ಯಾಸವಿದೆ. ಹಸಿ ಮರದ ಕೆಲಸ ಮಾತ್ರ ಗೊತ್ತಿಲ್ಲ. ಮಳೆಮರ ಇದಕ್ಕೆ ಆಗುತ್ತದಾ? ಈ ವಾರವೇ ಹಲಗೆ ಕೊಯ್ಸಿ ಕೆಲಸ ಶುರು ಮಾಡಬಹುದಾ?

---

ಸಾಗರದ ಬಡಗಿ, ಮೇ 3

ಅಕ್ಕ, ಈ ಉತ್ತರ ಓದಿದ ತಕ್ಷಣ ಎದ್ದು ಹೋಗಿ ದಿಮ್ಮಿಯ ಎರಡೂ ತುದಿಗೆ ಮೇಣ ಬಳಿಯಿರಿ. ಮೇಣದ ಬತ್ತಿ ಕರಗಿಸಿ ಬ್ರಷ್‌ನಲ್ಲಿ ಹಚ್ಚಿದರೆ ಸಾಕು. ಮೇಣ ಇಲ್ಲದಿದ್ದರೆ ಮನೆಯಲ್ಲಿ ಉಳಿದ ಯಾವುದಾದರೂ ಬಣ್ಣ ದಪ್ಪಗೆ ಬಳಿಯಿರಿ. ಆ ತುದಿಯನ್ನು ಆಮೇಲೆ ಕತ್ತರಿಸಿ ತೆಗೆಯುತ್ತೇವೆ, ಅದರ ಚಿಂತೆ ಬೇಡ. ಮರದೊಳಗಿನ ನೀರು ಪಕ್ಕದಿಂದ ನಿಧಾನ ಹೋಗುತ್ತದೆ, ತುದಿಯಿಂದ ಬಲು ಬೇಗ ಹೋಗುತ್ತದೆ. ತುದಿ ಮೊದಲು ಒಣಗಿ ಕುಗ್ಗಿದರೆ ಸೀಳು ಬಿಡುತ್ತದೆ. ಆ ಸೀಳು ಒಳಗೆ ಅರ್ಧ ಅಡಿವರೆಗೂ ಓಡಬಹುದು. ಮರ ಬಿದ್ದು ವಾರ ಆಯಿತು ಅಂದಿರಿ. ಇನ್ನು ಒಂದು ದಿನವೂ ಕಾಯಬೇಡಿ.

ಎರಡನೇ ಕೆಲಸ ತಿರುಳು ತೆಗೆಯುವುದು. ದಿಮ್ಮಿಯ ನಡುವೆ ಸಣ್ಣ ಮೆತ್ತನೆ ಚುಕ್ಕೆ ಕಾಣುತ್ತದಲ್ಲ, ಅದು ತಿರುಳು. ತಿರುಳು ಇರುವ ಹಲಗೆ ಇವತ್ತಲ್ಲ ನಾಳೆ ಸೀಳುತ್ತದೆ. ಮರ ಒಣಗುವಾಗ ವರ್ಷದ ಉಂಗುರದ ಗುಂಟ ಹೆಚ್ಚು ಕುಗ್ಗುತ್ತದೆ, ಉಂಗುರಕ್ಕೆ ಅಡ್ಡವಾಗಿ ಅದರ ಅರ್ಧದಷ್ಟು ಮಾತ್ರ. ತಿರುಳಿನ ಸುತ್ತ ಈ ಎರಡೂ ಎಳೆತ ಸೇರುತ್ತವೆ. ಹಾಗಾಗಿ ತಿರುಳಿನ ಎರಡೂ ಕಡೆ ಕೊಯ್ದು ಆ ಪಟ್ಟಿಯನ್ನು ಬೇರೆ ಮಾಡಿ.

ಹಲಗೆಯ ದಪ್ಪ ಒಂದೂವರೆ ಇಂಚು ಇರಲಿ. ನಿಮಗೆ ಕೊನೆಗೆ ಬೇಕಾದ್ದು ಮುಕ್ಕಾಲು ಇಂಚೋ ಒಂದು ಇಂಚೋ. ಉಳಿದದ್ದು ಸೊಟ್ಟ ತೆಗೆಯುವುದಕ್ಕೇ ಹೋಗುತ್ತದೆ. ನಿಮ್ಮ ಎರಡು ತುಂಡಿನಿಂದ ಎಂಟು ಹಲಗೆ ಬರಬಹುದು. ಆರು ಬೇಕು ಅಂದರೆ ಎಂಟಾದರೂ ಇರಲೇಬೇಕು, ಯಾಕೆಂದರೆ ಎಲ್ಲವೂ ದಕ್ಕುವುದಿಲ್ಲ.

ಮಳೆಮರ ಒಳ್ಳೆಯ ಆಯ್ಕೆ. ಅದು ಬಹಳ ಕಡಿಮೆ ಕುಗ್ಗುವ ಮರ. ಹವಾಯಿ, ಫಿಲಿಪೀನ್ಸ್ ಕಡೆ ಅದರ ಬಟ್ಟಲುಗಳನ್ನು ಹಸಿ ಇರುವಾಗಲೇ ಕೆತ್ತುತ್ತಾರೆ. ಒಳಗಿನ ಚೇಗು ಚಾಕೊಲೇಟ್ ಬಣ್ಣ, ಹೊರಗಿನ ಬಿಳಿ ಭಾಗ ಬೆಣ್ಣೆಯ ಹಾಗೆ. ಎರಡೂ ಸೇರಿದ ಹಲಗೆ ನೋಡಲು ಬಲು ಚಂದ.

ಒಂದೇ ಅನುಮಾನ ನನಗೆ. ನಿಮಗೆ ಕೊಟ್ಟದ್ದು ಕಾಂಡವೋ ಕೊಂಬೆಯೋ? ಅಡ್ಡಕ್ಕೆ ಚಾಚಿದ ಕೊಂಬೆ ತನ್ನ ಭಾರ ಹೊರಲು ಮೇಲ್ಭಾಗದಲ್ಲಿ ಬಿಗಿದುಕೊಂಡು ಬೆಳೆದಿರುತ್ತದೆ. ಆ ಬಿಗಿ ಹಲಗೆಯಾದ ಮೇಲೆ ಬಿಚ್ಚಿಕೊಳ್ಳುತ್ತದೆ, ಹಲಗೆ ಬಿಲ್ಲಿನ ಹಾಗೆ ಬಾಗುತ್ತದೆ. ತಿರುಳು ನಟ್ಟನಡುವೆ ಇದೆಯಾ, ಒಂದು ಪಕ್ಕಕ್ಕಿದೆಯಾ ನೋಡಿ ಹೇಳಿ.

ಇನ್ನು ಕೊನೇ ಪ್ರಶ್ನೆ. ಕೊಯ್ಸುವುದು ಈ ವಾರ. ಮಣೆ ಮಾಡುವುದು ಮುಂದಿನ ವರ್ಷ. ನನ್ನ ತಂದೆ ಹೇಳುತ್ತಿದ್ದ ಲೆಕ್ಕ, ಒಂದು ಇಂಚು ದಪ್ಪಕ್ಕೆ ಒಂದು ವರ್ಷ. ನಡುವೆ ಅವಸರ ಮಾಡಿದವರ ಹಲಗೆ ನನ್ನ ಹತ್ತಿರ ರಿಪೇರಿಗೆ ಬರುತ್ತಲೇ ಇರುತ್ತವೆ.

---

ನಾಟಾ ಅಂಗಡಿ, ಮೇ 4

ಬಡಗಿಯವರು ಹೇಳಿದ್ದೆಲ್ಲ ಸರಿ. ಸಾಮಿಲ್ ಕಡೆಯಿಂದ ನನ್ನದೊಂದು ಮಾತು. ರಸ್ತೆಯ ಮರ ಅಂದರೆ ಬಹಳ ಮಿಲ್‌ನವರು ಬೇಡ ಅನ್ನುತ್ತಾರೆ. ಅವರ ಮೇಲೆ ಬೇಸರ ಬೇಡ. ರಸ್ತೆಯ ಮರಕ್ಕೆ ಐವತ್ತು ವರ್ಷದಿಂದ ಜನ ಮೊಳೆ ಹೊಡೆದಿರುತ್ತಾರೆ. ಮನೆ ಬಾಡಿಗೆಗಿದೆ ಬೋರ್ಡು, ಕೇಬಲ್ ತಂತಿ, ಬ್ಯಾನರ್ ಕಟ್ಟಿದ ಕಬ್ಬಿಣ. ಮರ ಅದನ್ನೆಲ್ಲ ನುಂಗಿ ಮೇಲೆ ತೊಗಟೆ ಹೊದ್ದುಕೊಂಡಿರುತ್ತದೆ. ಓಡುತ್ತಿರುವ ಬ್ಯಾಂಡ್ ಸಾ ಬ್ಲೇಡಿಗೆ ಒಂದು ಮೊಳೆ ಸಿಕ್ಕರೆ ಹಲ್ಲುಗಳು ಹೋದವು. ಬ್ಲೇಡು ತುಂಡಾದರೆ ಮುಂದೆ ನಿಂತವನ ಜೀವಕ್ಕೇ ಅಪಾಯ.

ಮೊದಲು ತೊಗಟೆ ಪೂರ್ತಿ ಸುಲಿಯಿರಿ. ಕತ್ತರಿಸಿದ ತುದಿಯಲ್ಲಿ ಎಲ್ಲಾದರೂ ನೀಲಿ ಮಿಶ್ರಿತ ಕಪ್ಪು ಗೆರೆ ಇದೆಯಾ ನೋಡಿ. ಮರದ ಒಗರು ಕಬ್ಬಿಣಕ್ಕೆ ತಾಗಿದರೆ ಆ ಬಣ್ಣ ಬರುತ್ತದೆ. ಗೆರೆ ಇದ್ದರೆ ಆ ಜಾಡಿನಲ್ಲಿ ಮೊಳೆ ಇದೆ ಅಂತಲೇ ಲೆಕ್ಕ. ಹಳೇ ಸ್ಪೀಕರಿನ ದೊಡ್ಡ ಅಯಸ್ಕಾಂತವನ್ನು ದಾರಕ್ಕೆ ಕಟ್ಟಿ ಮೈಮೇಲೆಲ್ಲ ಆಡಿಸಿ. ಆಳದಲ್ಲಿರುವುದು ಇದಕ್ಕೆ ಸಿಗುವುದಿಲ್ಲ, ಮೇಲಿನದು ಸಿಗುತ್ತದೆ. ಕೈಯಲ್ಲಿ ಹಿಡಿಯುವ ಮೆಟಲ್ ಡಿಟೆಕ್ಟರ್ ಯಾರ ಹತ್ತಿರವಾದರೂ ಇದ್ದರೆ ಇನ್ನೂ ಒಳ್ಳೆಯದು.

ಇಷ್ಟೆಲ್ಲ ಮಾಡಿ, ಆ ಸಹಿ ಇರುವ ಕಾಗದ ಹಿಡಿದುಕೊಂಡು ಮಿಲ್‌ಗೆ ಹೋಗಿ. ಕಾಗದ ಮರೆಯಬೇಡಿ. ಎಲ್ಲಿಂದ ತಂದಿರಿ ಅಂತ ಕೇಳುವುದು ಅವರ ಕರ್ತವ್ಯ.

---

ಎರಡನೇ ಅಡ್ಡರಸ್ತೆ, ಮೇ 6

ನಿನ್ನೆ ರಾತ್ರಿಯೇ ಮೇಣ ಬಳಿದೆ, ಬಡಗಿ ಅಣ್ಣ. ಇವತ್ತು ತೊಗಟೆ ಸುಲಿದೆವು. ಎದುರುಮನೆ ಅಂಕಲ್, ನಾನು, ನಾಲ್ಕು ಮಕ್ಕಳು. ಮೂರು ಮೊಳೆ, ಮಾರುದ್ದ ಜಿಐ ತಂತಿ ಸಿಕ್ಕವು. ತಂತಿ ನೋಡಿ ಅಂಕಲ್ ಸುಮ್ಮನೆ ನಿಂತುಬಿಟ್ಟರು. ಗಣೇಶನ ಹಬ್ಬಕ್ಕೆ ದೀಪದ ಸರ ಕಟ್ಟಲು ಅವರೇ ಸುತ್ತಿದ್ದ ತಂತಿಯಂತೆ, ಬಿಚ್ಚುವುದು ಮರೆತುಹೋಗಿತ್ತಂತೆ.

ಒಂದು ತುಂಡಿನಲ್ಲಿ ತಿರುಳು ನಡುವೆಯೇ ಇದೆ. ಇನ್ನೊಂದರಲ್ಲಿ ಎರಡು ಇಂಚು ಪಕ್ಕಕ್ಕಿದೆ. ಅಂದರೆ ಅದು ಕೊಂಬೆಯದು, ಅಲ್ವಾ?

---

ಸಾಗರದ ಬಡಗಿ, ಮೇ 6

ಹೌದು, ಅದು ಕೊಂಬೆ. ಬಿಸಾಡಬೇಡಿ. ಅದರ ಹಲಗೆಗಳಿಗೆ ಬೇರೆ ಗುರುತು ಹಾಕಿ, ಒಣಗಿಸುವಾಗ ಮೇಲೆ ಹೆಚ್ಚು ಭಾರ ಇಡಿ.

ಒಣಗಿಸುವ ಕ್ರಮ ಹೀಗೆ. ನೆಲದಿಂದ ಅರ್ಧ ಅಡಿ ಎತ್ತರಕ್ಕೆ ಇಟ್ಟಿಗೆ ಜೋಡಿಸಿ. ಅದರ ಮೇಲೆ ಒಂದು ಹಲಗೆ, ಮೇಲೆ ಒಂದೇ ದಪ್ಪದ ಮೂರು ರೀಪು (ಮರದ ಸಣ್ಣ ಪಟ್ಟಿ), ಮತ್ತೆ ಹಲಗೆ, ಮತ್ತೆ ರೀಪು. ರೀಪುಗಳು ಕೆಳಗಿಂದ ಮೇಲಿನವರೆಗೆ ಒಂದೇ ಗೆರೆಯಲ್ಲಿರಬೇಕು. ಗೆರೆ ತಪ್ಪಿದರೆ ಹಲಗೆ ಅಲ್ಲೇ ಬಗ್ಗುತ್ತದೆ. ರೀಪು ಒಣಗಿದ ಮರದ್ದೇ ಆಗಿರಲಿ, ಹಸಿಯಾದರೆ ಹಲಗೆಯ ಮೇಲೆ ಬೂಷ್ಟಿನ ಪಟ್ಟೆ ಬೀಳುತ್ತದೆ. ಎಲ್ಲದರ ಮೇಲೆ ನಾಲ್ಕು ಸೈಜುಗಲ್ಲು. ಬಿಸಿಲು ಬೇಡ, ಮಳೆ ಬೇಡ, ಗಾಳಿ ಬೇಕು. ಶೆಡ್ಡು ಸರಿಯಾದ ಜಾಗ. ಪ್ಲಾಸ್ಟಿಕ್ ಹೊದಿಸಲೇಬೇಡಿ.

ಪ್ರತಿ ಹಲಗೆಗೂ ನಂಬರ್ ಬರೆದು ಕೊಯ್ಸಿದ ದಿನವೇ ತೂಕ ಮಾಡಿ. ತಿಂಗಳಿಗೊಮ್ಮೆ ತೂಗಿ ಬರೆದಿಡಿ. ಯಾವ ಯಂತ್ರವೂ ಬೇಡ, ತಕ್ಕಡಿಯೇ ಹೇಳುತ್ತದೆ.

---

ಕುಂದಾಪುರದ ಅಮ್ಮ, ಮೇ 7

ಮಕ್ಕಳೇ, ನಾವು ಇದಕ್ಕೆ ಮಣೆ ಅಂತಲೇ ಹೇಳುತ್ತಿದ್ದೆವು. ಕೂರುವುದಕ್ಕೊಂದು ಮಣೆ, ಚಪಾತಿಗೊಂದು, ಕಾಯಿ ತುರಿಯಲಿಕ್ಕೊಂದು. ನಮ್ಮ ಅತ್ತೆ ಮನೆಯಲ್ಲಿ ಹಲಸಿನ ಮಣೆಗಳು ಹನ್ನೆರಡಿದ್ದವು, ಊಟಕ್ಕೆ ಕೂರಲಿಕ್ಕೆ. ಗಾಳಿಗೆ ಬಿದ್ದ ಒಂದೇ ಮರದ್ದು ಎಲ್ಲ. ಅಟ್ಟದ ಮೇಲೆ ಎರಡು ಮಳೆಗಾಲ ಕಳೆದ ಮೇಲೇ ಆಚಾರಿಯವರು ಕೈ ಹಾಕಿದ್ದು. ಮಾಡಿದ ಹೊಸತರಲ್ಲಿ ಅರಿಶಿನದ ಬಣ್ಣ ಇತ್ತು, ಬರಬರುತ್ತ ಬೆಲ್ಲದ ಬಣ್ಣ ಆಯಿತು. ಈಗಲೂ ಅದರಲ್ಲಿ ಎರಡು ನನ್ನ ಹತ್ತಿರ ಉಂಟು. ಒಂದು ಬಿರುಕಿಲ್ಲ.

ಮಣೆಗೆ ಅರಿಶಿನ ತಾಗಿ ಕಲೆಯಾದರೆ ಸೋಪು ತಿಕ್ಕಿ ಕೈ ನೋಯಿಸಿಕೊಳ್ಳಬೇಡಿ. ತೊಳೆದು ಸ್ವಲ್ಪ ಹೊತ್ತು ಬಿಸಿಲಿಗೆ ತೋರಿಸಿ. ಅರಿಶಿನದ ಬಣ್ಣ ಬಿಸಿಲಿಗೆ ನಿಲ್ಲುವುದಿಲ್ಲ.

---

ಕಾಫಿತೋಟ (ಮೂಡಿಗೆರೆ), ಮೇ 7

ನಮ್ಮಲ್ಲಿ ಪ್ರತಿ ಮಳೆಗಾಲ ನೆರಳಿನ ಮರಗಳು ಬೀಳುತ್ತವೆ, ಹೆಚ್ಚಾಗಿ ಸಿಲ್ವರ್ ಓಕ್. ಇಲ್ಲಿಯವರೆಗೆ ಸೌದೆಗೆ ಹೋಗುತ್ತಿತ್ತು. ಕಳೆದ ವರ್ಷ ಒಂದು ಹಲಗೆಗೆ ತೋಪಡ (ಕೀಸುಳಿ) ಹಾಕಿ ನೋಡಿದೆ. ದಿಮ್ಮಿಯ ನಡುವಿನಿಂದ ಹೊರಕ್ಕೆ ಸೀಳಿದ ಮುಖದಲ್ಲಿ ಮೀನಿನ ಹುರುಪೆಯಂಥ ಹೊಳೆಯುವ ಚಕ್ಕೆಗಳು! ಇಷ್ಟು ವರ್ಷ ಒಲೆಗೆ ಹಾಕಿದೆವಲ್ಲ ಅಂತ ಹೊಟ್ಟೆ ಉರಿಯಿತು. ಹೀಗೆ ಸೀಳಿದ ಹಲಗೆ ಸೊಟ್ಟವಾಗುವುದೂ ಕಡಿಮೆ. ಒಂದು ಎಚ್ಚರಿಕೆ, ಸಿಲ್ವರ್ ಓಕ್ ಪುಡಿಗೆ ಕೆಲವರಿಗೆ ಮೈ ತುರಿಸಿ ದದ್ದು ಏಳುತ್ತದೆ. ನನ್ನ ತಮ್ಮನಿಗೆ ಹಾಗಾಯಿತು. ಪೂರ್ತಿ ತೋಳಿನ ಅಂಗಿ ಹಾಕಿ.

ಬೇರೆ ಯಾವ ಮರ ತಿನ್ನುವ ಪದಾರ್ಥಕ್ಕೆ ಒಳ್ಳೆಯದು, ಯಾವುದು ಬೇಡ? ತಿಳಿದವರು ಹೇಳಿ.

---

ಗಿಡಮರ ಮೇಷ್ಟ್ರು, ಮೇ 8

ನಾವು ತಿನ್ನುವ ಹಣ್ಣಿನ ಮರಗಳಿಂದ ಶುರು ಮಾಡುವುದು ಒಳ್ಳೆಯ ದಾರಿ. ಮಾವು, ಹಲಸು, ನೇರಳೆ, ಹುಣಸೆ. ಹುಣಸೆ ಎಷ್ಟು ಗಟ್ಟಿ ಅಂದರೆ ಮಾಂಸದಂಗಡಿಯ ಕೊರಡು ಹೆಚ್ಚಾಗಿ ಅದರದ್ದೇ. ಆದರೆ ಒಣಗಿದ ಹುಣಸೆಗೆ ಉಳಿ ಹಾಕುವುದು ಕಷ್ಟದ ಕೆಲಸ. ಬೇವು ಬಾಳಿಕೆ ಬರುತ್ತದೆ. ಹೊಸದರಲ್ಲಿ ಸ್ವಲ್ಪ ಕಹಿ ವಾಸನೆ ಇರುತ್ತದೆ, ನಾಲ್ಕಾರು ಸಲ ತೊಳೆದು ಒಣಗಿಸಿ ಎಣ್ಣೆ ಹಚ್ಚಿದ ಮೇಲೆ ಬಳಸಿ. ಹೊಂಗೆಗೆ ಹುಳ ಬೇಗ ಬೀಳುತ್ತದೆ, ನನ್ನ ಮಟ್ಟಿಗೆ ಅದು ಬೇಡ.

ಈಗ ಮುಖ್ಯವಾದದ್ದು. ಕಣಗಿಲೆ, ಹಳದಿ ಕಣಗಿಲೆ ಎರಡಕ್ಕೂ ಕೈ ಹಾಕಬೇಡಿ. ಗಿಡದ ಎಲ್ಲ ಭಾಗವೂ ವಿಷ. ಕಾಸರಕವೂ ಅಷ್ಟೇ, ಅದರಲ್ಲಿ ಸ್ಟ್ರಿಕ್ನಿನ್ ಇದೆ. ಮಲೆನಾಡಿನವರು ಚೇರಿನ ಮರದಿಂದ ದೂರ ಇರಿ, ಅದರ ಸೊನೆ ತಾಗಿದರೆ ಚರ್ಮ ಬೊಬ್ಬೆ ಬರುತ್ತದೆ. ಮಾವು, ಗೇರು, ಚೇರು ಒಂದೇ ಕುಟುಂಬ. ಹಾಗಾಗಿ ಮಾವಿನ ಸೊನೆ ಆಗದವರು ಹಸಿ ಮಾವಿನ ಮರ ಕೊಯ್ಯುವಾಗಲೂ ಕೈಗವಸು ಹಾಕಿ.

ಯಾವ ಮರ ಅಂತ ಖಚಿತವಾಗಿ ಗೊತ್ತಿಲ್ಲದಿದ್ದರೆ ಅದರಲ್ಲಿ ಊಟದ ಸಾಮಾನು ಮಾಡಲೇಬೇಡಿ. ಎಲೆ, ಕಾಯಿ ಇರುವಾಗಲೇ ಫೋಟೊ ತೆಗೆದಿಡಿ. ಹಲಗೆಯಾದ ಮೇಲೆ ಗುರುತಿಸುವುದು ನನ್ನಂಥವರಿಗೂ ಕಷ್ಟ. ಹಳೇ ಕಟ್ಟಡದ ತೊಲೆ, ಬಣ್ಣ ಹಚ್ಚಿದ ಬಾಗಿಲು, ಪ್ಯಾಕಿಂಗ್ ಪೆಟ್ಟಿಗೆ ಕೂಡ ಬೇಡ. ಅದಕ್ಕೆ ಯಾವ ಔಷಧಿ ಹೊಡೆದಿದ್ದಾರೋ ತಿಳಿಯುವುದಿಲ್ಲ.

ಒಂದು ಮಾತು ಸೇರಿಸುತ್ತೇನೆ. ಮಳೆಮರ ನಮ್ಮದಲ್ಲ, ಅಮೆರಿಕ ಖಂಡದ ಬೆಚ್ಚಗಿನ ನಾಡಿನದು. ಬೆಂಗಳೂರಿನ ರಸ್ತೆಗಳಿಗೆ ಇಂಥ ದೂರದ ಮರಗಳು ಬಹಳ ಬಂದಿವೆ. 1908ರಲ್ಲಿ ಲಾಲ್‌ಬಾಗಿಗೆ ಬಂದ ಜರ್ಮನ್ ಉದ್ಯಾನ ತಜ್ಞ ಕ್ರುಂಬಿಗಲ್ ಅವರು ವರ್ಷವಿಡೀ ಒಂದಲ್ಲ ಒಂದು ರಸ್ತೆ ಹೂ ಬಿಟ್ಟಿರುವ ಹಾಗೆ ಮರಗಳನ್ನು ಆರಿಸಿ ನೆಡಿಸಿದರು. ಆ ಕಾಲದ ಮರಗಳಿಗೆಲ್ಲ ಈಗ ವಯಸ್ಸಾಗಿದೆ. ಬುಡದ ಸುತ್ತ ಕಾಂಕ್ರೀಟು ಹಾಕಿದ್ದೇವೆ, ಚರಂಡಿಗೆ ಬೇರು ಕಡಿದಿದ್ದೇವೆ. ಇನ್ನೂ ಬೀಳುತ್ತವೆ. ಬಿದ್ದ ಜಾಗದಲ್ಲಿ ಗಿಡ ನೆಡಲು ಕೇಳಿ ಅಂತ ಆ ಆರು ಮನೆಯವರಿಗೆ ನನ್ನ ಕೋರಿಕೆ.

---

ಹೊಸ ಸದಸ್ಯ, ಮೇ 8

ನಮ್ಮ ಸೈಟಿನಲ್ಲೇ ಇರುವ ನೇರಳೆ ಮರ ಒಣಗಿದೆ. ನಮ್ಮದೇ ಅಲ್ವಾ, ಕಡಿಯಬಹುದಾ?

---

ನಾಟಾ ಅಂಗಡಿ, ಮೇ 8

ನಿಮ್ಮ ಜಾಗದ್ದಾದರೂ ಮೊದಲು ಕೇಳಿ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯಿದೆ ಇದೆ. ಮರ ಕಡಿಯಲು ವೃಕ್ಷ ಅಧಿಕಾರಿಯ ಅನುಮತಿ ಬೇಕು. ಸಿಲ್ವರ್ ಓಕ್, ನೀಲಗಿರಿ, ತೆಂಗು ಹೀಗೆ ಕೆಲವಕ್ಕೆ ವಿನಾಯಿತಿ ಇದೆ. ನೇರಳೆಗೆ ಅರ್ಜಿ ಕೊಡಿ. ತೇಗ, ಬೀಟೆ, ಗಂಧ ಬಿದ್ದಿದ್ದರೂ ಅರಣ್ಯ ಇಲಾಖೆಯನ್ನು ಕೇಳದೆ ಮುಟ್ಟಬೇಡಿ.

---

ಧಾರವಾಡದ ಗಾಣ, ಮೇ 10

ಎಣ್ಣೆಯ ಮಾತು ಯಾರೂ ಎತ್ತಿಲ್ಲ, ನಾನು ಹೇಳುತ್ತೇನೆ. ನಮ್ಮ ಕಡೆ ಅಗಸೆ ಹಿಂಡಿ (ಚಟ್ನಿಪುಡಿ) ಇಲ್ಲದೆ ರೊಟ್ಟಿ ಇಳಿಯುವುದಿಲ್ಲ. ಅದೇ ಅಗಸೆಯ ಎಣ್ಣೆ ಮರಕ್ಕೆ ಬಹಳ ಒಳ್ಳೆಯದು. ಅದು ಗಾಳಿಗೆ ತಾನೇ ಗಟ್ಟಿಯಾಗಿ ಮರದೊಳಗೆ ಕೂರುತ್ತದೆ. ಕಡಲೆಕಾಯಿ ಎಣ್ಣೆ, ಸೂರ್ಯಕಾಂತಿ ಎಣ್ಣೆ ಹಚ್ಚಿದರೆ ಬರಬರುತ್ತ ಜಿಗುಟಾಗಿ ಕಮಟು ವಾಸನೆ ಬರುತ್ತದೆ.

ಗಾಣದಲ್ಲಿ ತಿನ್ನಲು ತೆಗೆದ ಎಣ್ಣೆಯನ್ನೇ ತನ್ನಿ. ಬಣ್ಣದ ಅಂಗಡಿಯ ಕಾಯಿಸಿದ ಅಗಸೆ ಎಣ್ಣೆ ಬೇಡ, ಬೇಗ ಒಣಗಲಿ ಅಂತ ಅದಕ್ಕೆ ಲೋಹದ ಉಪ್ಪುಗಳನ್ನು ಬೆರೆಸಿರುತ್ತಾರೆ. ತೆಳ್ಳಗೆ ಹಚ್ಚಿ, ಅರ್ಧ ಗಂಟೆ ಬಿಟ್ಟು ಒರೆಸಿ ತೆಗೆಯಿರಿ. ವಾರಕ್ಕೊಂದು ಸಲದಂತೆ ನಾಲ್ಕು ಸಲ. ಆಮೇಲೆ ಮೂರು ನಾಲ್ಕು ವಾರ ಗಾಳಿಗೆ ಬಿಡಿ.

ಮತ್ತೆ, ದಯವಿಟ್ಟು ಇದನ್ನು ಎಲ್ಲರೂ ಓದಿ. ಒರೆಸಿದ ಬಟ್ಟೆಯನ್ನು ಉಂಡೆ ಮಾಡಿ ಮೂಲೆಗೆ ಎಸೆಯಬೇಡಿ. ಅಗಸೆ ಎಣ್ಣೆ ಗಟ್ಟಿಯಾಗುವಾಗ ಬಿಸಿ ಹುಟ್ಟುತ್ತದೆ. ಮುದುಡಿದ ಬಟ್ಟೆಯೊಳಗೆ ಆ ಬಿಸಿ ಸೇರಿ ತಾನಾಗಿಯೇ ಬೆಂಕಿ ಹತ್ತುತ್ತದೆ. ನಮ್ಮ ಹಿತ್ತಲಲ್ಲಿ ಒಂದು ಬುಟ್ಟಿ ಹೀಗೆಯೇ ಸುಟ್ಟುಹೋಗಿದೆ. ಬಟ್ಟೆಯನ್ನು ಹೊರಗೆ ಬಿಡಿಸಿ ಹರವಿ ಒಣಗಿಸಿ, ಇಲ್ಲವೇ ನೀರಲ್ಲಿ ಅದ್ದಿಡಿ.

---

ಕುಂದಾಪುರದ ಅಮ್ಮ, ಮೇ 10

ನಾವು ತೆಂಗಿನೆಣ್ಣೆಯೇ ಹಚ್ಚಿದ್ದು, ಇಷ್ಟು ವರ್ಷ ಏನೂ ಆಗಲಿಲ್ಲ.

---

ಧಾರವಾಡದ ಗಾಣ, ಮೇ 10

ಅಮ್ಮ, ನಿಮ್ಮದು ದಿನಾ ಬಳಸುವ ಮಣೆ, ನಿಮ್ಮ ಕೈ ಆಗಾಗ ಎಣ್ಣೆ ಕಾಣಿಸುತ್ತದೆ. ತೆಂಗಿನೆಣ್ಣೆ ಬೇರೆ ಎಣ್ಣೆಗಳಷ್ಟು ಬೇಗ ಕೆಡುವುದಿಲ್ಲ, ಒಪ್ಪುತ್ತೇನೆ. ಆದರೆ ಅದು ಗಟ್ಟಿಯಾಗುವುದಿಲ್ಲ, ತೊಳೆದಂತೆ ಹೋಗುತ್ತದೆ. ಯಾವಾಗಲೋ ಒಮ್ಮೆ ತೆಗೆಯುವ ಮಣೆಗೆ ಅಗಸೆಯೇ ನನ್ನ ಆಯ್ಕೆ. ಕಾಯಲು ಆಗದವರು ಔಷಧಿ ಅಂಗಡಿಯ ಲಿಕ್ವಿಡ್ ಪ್ಯಾರಾಫಿನ್ ನಾಲ್ಕು ಪಾಲಿಗೆ ಜೇನುಮೇಣ ಒಂದು ಪಾಲು ಹಾಕಿ, ಬಿಸಿನೀರಿನ ಪಾತ್ರೆಯೊಳಗಿಟ್ಟು ಕರಗಿಸಿ ಹಚ್ಚಿ. ಅದು ಕೆಡುವ ಮಾತೇ ಇಲ್ಲ.

---

ಮಿಷಿಗನ್ ಕನ್ನಡತಿ, ಮೇ 12

ಇಲ್ಲಿಯ ಕಥೆಯೂ ಹೇಳಬೇಕು ಅನಿಸಿತು. ಡೆಟ್ರಾಯ್ಟ್ ಸುತ್ತ 2002ರಲ್ಲಿ ಏಷ್ಯಾದಿಂದ ಬಂದ ಒಂದು ಹಸಿರು ಜೀರುಂಡೆ ಪತ್ತೆಯಾಯಿತು. ಅದರ ಮರಿಗಳು ಆ್ಯಶ್ ಮರದ ತೊಗಟೆಯ ಕೆಳಗೆ ಕೊರೆದು ಮರವನ್ನೇ ಕೊಲ್ಲುತ್ತವೆ. ರಸ್ತೆ ರಸ್ತೆಯ ಆ್ಯಶ್ ಮರಗಳು ಹೀಗೆ ಸತ್ತವು. ತೊಗಟೆಯ ಕೆಳಗಿನ ಪದರ ತೆಗೆದರೆ ಒಳಗಿನ ಮರ ಗಟ್ಟಿಯಾಗಿಯೇ ಇರುತ್ತದೆ. ನಮ್ಮ ಮನೆಯ ಆ್ಯಶ್ ಹಲಗೆಯ ಮೇಲೆ ಯುಗಾದಿಗೆ ಒಬ್ಬಟ್ಟು ಇಡುತ್ತೇನೆ. ಹುಳ ಹರಡದಿರಲಿ ಅಂತ ಸೌದೆಯನ್ನು ದೂರ ಸಾಗಿಸಬೇಡಿ ಅಂತ ಇಲ್ಲಿ ಪದೇ ಪದೇ ಹೇಳುತ್ತಾರೆ. ನೀವೂ ಹುಳ ಬಿದ್ದ ಮರವನ್ನು ಊರಿಂದೂರಿಗೆ ಒಯ್ಯಬೇಡಿ.

---

ಎರಡನೇ ಅಡ್ಡರಸ್ತೆ, ಜನವರಿ 18

ಬಹಳ ದಿನ ಆಯಿತು. ಲೆಕ್ಕ ಒಪ್ಪಿಸುತ್ತೇನೆ.

ಎಂಟು ಹಲಗೆ ಬಂದವು. ಮೂರನೇ ನಂಬರಿನದು ಮೇನಲ್ಲಿ 6 ಕೆಜಿ 200 ಗ್ರಾಂ ಇತ್ತು. ಈಗ 3 ಕೆಜಿ 900. ಮಳೆಗಾಲದಲ್ಲಿ ಇಳಿಯುವುದು ನಿಂತೇ ಹೋಗಿತ್ತು, ದೀಪಾವಳಿ ಆದ ಮೇಲೆ ಮತ್ತೆ ಶುರುವಾಯಿತು. ಎರಡು ಕೆಜಿಗೂ ಹೆಚ್ಚು ನೀರು ಒಂದೇ ಹಲಗೆಯಿಂದ ಹೋಗಿದೆ. ತೂಗುವ ದಿನ ಮಕ್ಕಳು ತಪ್ಪದೆ ಬರುತ್ತಾರೆ, ಅವರೇ ಬರೆಯುವುದು.

ಕೊಂಬೆಯ ಒಂದು ಹಲಗೆ ಪೂರ್ತಿ ಬಿಲ್ಲಾಗಿದೆ. ಇನ್ನೊಂದು ಹಲಗೆ ಒಂದು ಕಡೆಯಿಂದ ಸೀಳಿದೆ, ನಾನು ಮೇಣ ಸರಿಯಾಗಿ ಹಚ್ಚದ ತುದಿ ಅದು. ಆರನೇ ನಂಬರಿನ ಕೆಳಗೆ ರವೆಗಿಂತ ಸಣ್ಣ ಬಿಳಿ ಪುಡಿ ಬಿದ್ದಿದೆ. ಬಿಳಿ ಭಾಗದಲ್ಲಿ ಸೂಜಿ ಚುಚ್ಚಿದಂಥ ತೂತುಗಳು. ಏನು ಮಾಡಲಿ?

---

ಸಾಗರದ ಬಡಗಿ, ಜನವರಿ 18

ಅದು ಕುಟ್ಟೆ ಹುಳ. ಬಿಳಿ ಭಾಗದಲ್ಲಿರುವ ಗಂಜಿ ಅದರ ಊಟ, ಚೇಗಿನ ಕಡೆಗೆ ಹೋಗುವುದು ಕಡಿಮೆ. ಆ ಹಲಗೆಯನ್ನು ಇವತ್ತೇ ಬೇರೆ ಮಾಡಿ. ಅದರ ಬಿಳಿ ಭಾಗವನ್ನು ಕೊಯ್ದು ಒಲೆಗೆ ಹಾಕಿ, ಚೇಗು ಉಳಿಸಿಕೊಳ್ಳಿ. ಔಷಧಿ ಹೊಡೆಯಬೇಡಿ, ಇದು ಊಟದ ಸಾಮಾನು. ಉಳಿದ ಹಲಗೆಗಳ ಮೇಲೆ ಕಣ್ಣಿಡಿ.

ಇನ್ನೂ ಕೈ ಹಾಕಬೇಡಿ. ಹದಿನೈದು ದಿನದ ಅಂತರದಲ್ಲಿ ಎರಡು ಸಲ ಒಂದೇ ತೂಕ ಬರಲಿ. ಖಾತ್ರಿ ಬೇಕು ಅಂದರೆ ಬಿಲ್ಲಾದ ಹಲಗೆಯ ನಡುವಿನಿಂದ ಒಂದು ತುಂಡು ಕತ್ತರಿಸಿ ತೂಗಿ, ಓವನ್‌ನಲ್ಲಿ ನೂರು ಡಿಗ್ರಿ ಚೂರು ಮೀರಿಸಿಟ್ಟು, ತೂಕ ಇಳಿಯುವುದು ನಿಲ್ಲುವವರೆಗೆ ಒಣಗಿಸಿ. ಹೋದ ತೂಕವನ್ನು ಉಳಿದ ತೂಕದಿಂದ ಭಾಗಿಸಿ. ಬೆಂಗಳೂರಿನ ಮನೆಯೊಳಗೆ ನೂರಕ್ಕೆ ಹನ್ನೆರಡರ ಹತ್ತಿರ ಬಂದರೆ ಸಾಕು. ಕರಾವಳಿಯಲ್ಲಿ ಅಷ್ಟು ಇಳಿಯುವುದಿಲ್ಲ, ಅಲ್ಲಿಯವರು ಅದಕ್ಕಾಗಿ ಕಾಯಬೇಡಿ.

---

ಎರಡನೇ ಅಡ್ಡರಸ್ತೆ, ಏಪ್ರಿಲ್ 5

ತುಂಡು 250 ಗ್ರಾಂ ಇತ್ತು, 223ಕ್ಕೆ ನಿಂತಿತು. ಸರಿಯಾಗಿ ಹನ್ನೆರಡು! ಮೂರನೇ ನಂಬರು 3 ಕೆಜಿ 700ಕ್ಕೆ ನಿಂತಿದೆ, ಎರಡು ಸಲವೂ ಅಷ್ಟೇ ಬಂತು. ಈಗ ಶುರು ಮಾಡಲಾ, ಅಣ್ಣ?

---

ಸಾಗರದ ಬಡಗಿ, ಏಪ್ರಿಲ್ 5

ಮಾಡಿ. ಎರಡೂ ತುದಿಯಿಂದ ಎರಡೆರಡು ಇಂಚು ಕತ್ತರಿಸಿ. ಎರಡೂ ಮುಖದಿಂದ ಸಮನಾಗಿ ತೆಗೆಯಿರಿ. ಒಂದೇ ಕಡೆ ತೆಗೆದರೆ ಮತ್ತೆ ಬಾಗುತ್ತದೆ. ತೋಪಡ ಹಾಕಿ ಅರ್ಧ ಕೆಲಸವಾದ ಮೇಲೆ ಒಂದು ವಾರ ಹಾಗೇ ನಿಲ್ಲಿಸಿಡಿ, ಅದು ಎಷ್ಟು ಆಡಬೇಕೋ ಆಡಲಿ. ಆಮೇಲೆ ಪೂರ್ತಿ ಮಾಡಿ.

ಸ್ಯಾಂಡ್ ಪೇಪರ್ ಒರಟಿನಿಂದ ನುಣುಪಿಗೆ ನಂಬರ್ 80, 120, 180, 220, ಎಳೆಯ ಗುಂಟವೇ ಉಜ್ಜಿ. ಕೊನೆಗೆ ಒದ್ದೆ ಬಟ್ಟೆಯಲ್ಲಿ ಒರೆಸಿ ಒಣಗಲು ಬಿಡಿ. ನಾರು ಎದ್ದು ಒರಟಾಗುತ್ತದೆ. 220ರಲ್ಲಿ ಇನ್ನೊಮ್ಮೆ ಹಗುರವಾಗಿ ಉಜ್ಜಿ. ಈ ಹಂತ ಬಿಟ್ಟರೆ ಮೊದಲ ಸಲ ತೊಳೆದಾಗಲೇ ಮಣೆ ಒರಟಾಗುತ್ತದೆ. ಅಂಚನ್ನು ಗುಂಡಗೆ ಮಾಡಿ, ಕೈಗೆ ಹಿತವಾಗಿರಲಿ. ಮಳೆಮರದ ಪುಡಿ ಮೂಗು ಕೆರಳಿಸುತ್ತದೆ, ಮಾಸ್ಕ್ ಹಾಕದೆ ಉಜ್ಜಬೇಡಿ.

---

ಎರಡನೇ ಅಡ್ಡರಸ್ತೆ, ಮೇ 24

ಐದು ಮಣೆ ಪೂರ್ತಿಯಾದವು. ಒಂದೂವರೆ ಅಡಿ ಉದ್ದ, ಒಂದಿಂಚಿಗಿಂತ ಕಡಿಮೆ ದಪ್ಪ. ಅಗಸೆ ಎಣ್ಣೆಯ ಮೊದಲ ಕೈ ಹಚ್ಚಿದಾಗ ಚೇಗಿನ ಬಣ್ಣ ಒಮ್ಮೆಗೇ ಎದ್ದು ಬಂತು. ಸುತ್ತ ನಿಂತ ಎಲ್ಲರೂ ಮಾತು ನಿಲ್ಲಿಸಿದರು. ಬಟ್ಟೆಗಳನ್ನು ಕಾಂಪೌಂಡಿನ ಮೇಲೆ ಹರವಿದ್ದೇನೆ, ಗಾಣದವರೇ.

ಆರನೆಯದಕ್ಕೆ ಮರ ಸಾಲಲಿಲ್ಲ. ಸೀಳಿದ ಹಲಗೆಯಲ್ಲಿ ಗಟ್ಟಿ ಉಳಿದ ಭಾಗ ಹತ್ತು ಇಂಚು. ಅದನ್ನು ದುಂಡಗೆ ಕತ್ತರಿಸಿದೆ. ಅದರಲ್ಲಿ ಮೊಳೆಯ ಕಪ್ಪು ಗೆರೆಯೂ ಇದೆ. ಅದನ್ನು ನಾನೇ ಇಟ್ಟುಕೊಳ್ಳೋಣ ಅಂತಿದ್ದೆ. ಎದುರುಮನೆ ಅಂಕಲ್ ನೋಡಿ, ಆ ಗೆರೆ ಇರುವುದೇ ತಮಗಿರಲಿ ಅಂದರು.

ಮರ ಇದ್ದ ಜಾಗದಲ್ಲಿ ಗಿಡ ನೆಡಲು ಅರ್ಜಿ ಕೊಟ್ಟಿದ್ದೇವೆ, ಮೇಷ್ಟ್ರೇ. ಹೊಂಗೆ ಕೇಳಿದ್ದೇವೆ. ಹಲಗೆಗೆ ಬೇಡವಾದರೂ ನೆರಳಿಗೆ ಬೇಕು. ಬುಡದ ಸುತ್ತ ಎಷ್ಟು ಅಡಿ ಮಣ್ಣು ಬಿಡಬೇಕು ಅಂತ ಹೇಳುತ್ತೀರಾ?

---

ಗಿಡಮರ ಮೇಷ್ಟ್ರು, ಮೇ 24

ಕಡಿಮೆ ಅಂದರೂ ನಾಲ್ಕಡಿಗೆ ನಾಲ್ಕಡಿ. ಆಸರೆಗೆ ಕೋಲು ನೆಟ್ಟು ಸೆಣಬಿನ ಹಗ್ಗದಲ್ಲಿ ಸಡಿಲವಾಗಿ ಕಟ್ಟಿ. ತಂತಿ ಬೇಡ.